ಮೇರು ಮಣಿ ಇಲ್ಲದ ಚಕ್ರ

ಆ ಗುರುವಾರ ಪುಣೆ ಬಳಿಯ ನಿಗಡಿಯ ನನ್ನ ಶೆಡ್ಡಿನಲ್ಲಿ ನಾವು ನಾಲ್ವರಿದ್ದೆವು. ಬಾನೆಟ್ ತೆರೆದ ಕೆಂಪು ಕಾರಿನ ಮೇಲೆ ಬಾಗಿ ನಿಂತವಳು ಶೈಲಾ ಶೆಟ್ಟಿ. ಚಾಕಣದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ರಜೆ ಸಿಕ್ಕಾಗಲೆಲ್ಲ ಕಾರು ಓಟದ ಹುಚ್ಚು. ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಕಾಲು ಅಲ್ಲಾಡಿಸುತ್ತ ಕೂತವರು ಅವಳ ತಂದೆ ಸುಧಾಕರ ಶೆಟ್ಟರು. ಕುಂದಾಪುರದ ಕಡೆಯವರು, ಆಕುರ್ಡಿಯಲ್ಲಿ ಹೋಟೆಲು. ಬಾಗಿಲ ಬಳಿ ಖಾಲಿ ಎಣ್ಣೆ ಡಬ್ಬಿಯನ್ನು ಬೋರಲು ಹಾಕಿಕೊಂಡು ಕೂತವರು ಕಾಶಪ್ಪಣ್ಣ. ಅಕ್ಕಲಕೋಟೆಯ ಕಡೆಯಿಂದ ಬಂದು ಭೋಸರಿಯಲ್ಲಿ ಲೇತ್ ಇಟ್ಟುಕೊಂಡವರು, ನನಗಿಂತ ಹಿರಿಯರು. ನಾಲ್ಕನೆಯವನು ನಾನು, ವಾಹನಗಳ ವೈರಿಂಗ್ ಕೆಲಸ ಮಾಡುತ್ತಲೇ ತಲೆ ನರೆಸಿಕೊಂಡ ವಿರೂಪಾಕ್ಷ. ಐದನೆಯದಾಗಿ ಒಂದು ತೆಂಗಿನಕಾಯಿಯೂ ಇತ್ತು. ಅದನ್ನು ಶೆಟ್ಟರು ತಂದು ಬ್ಯಾಟರಿಯ ಪಕ್ಕದ ಸಣ್ಣ ಮೇಜಿನ ಮೇಲೆ, ಜುಟ್ಟು ಎಂಜಿನ್ನಿನ ಕಡೆಗೆ ಮಾಡಿ ಇಟ್ಟಿದ್ದರು.

ನಮ್ಮ ಶೆಡ್ಡಿನ ಪದ್ಧತಿ ಅದು. ಕೈಯಾಡಿಸಿದ ಎಂಜಿನ್ ಮೊದಲ ಸಲ ದನಿ ತೆಗೆದ ಮೇಲೇ ಕಾಯಿ ಒಡೆಯುವುದು, ಅದಕ್ಕೆ ಮುಂಚೆ ಇಲ್ಲ. ಮುಂಚೆ ಒಡೆದರೆ ದೇವರಿಗೆ ಲಂಚ ಕೊಟ್ಟ ಹಾಗೆ, ಆಮೇಲೆ ಒಡೆದರೆ ನಮಸ್ಕಾರ ಹೇಳಿದ ಹಾಗೆ ಎಂದು ನಾನು ಕೆಲಸ ಕಲಿತ ಗ್ಯಾರೇಜಿನ ಫೋರಮನ್ ದೀಕ್ಷಿತ್ ಸಾಹೇಬರು ಹೇಳುತ್ತಿದ್ದರು. ಹಾಗಾಗಿ ಆ ಕಾಯಿ ಬೆಳಗಿನಿಂದ ಕಾಯುತ್ತಿತ್ತು, ನಾವೂ ಕಾಯುತ್ತಿದ್ದೆವು.

ದೀಪಾವಳಿ ಕಳೆದ ಮೇಲಿನ ಬಿಸಿಲು ಅದು. ನನ್ನ ಶೆಡ್ಡಿನ ತಗಡಿನ ಮಾಡಿನಲ್ಲಿ ಮೊಳೆ ಕಿತ್ತುಹೋದ ತೂತುಗಳು ಅಲ್ಲಲ್ಲಿ ಇದ್ದವು. ಬಿಸಿಲು ಆ ತೂತುಗಳಿಂದ ಇಳಿದು ನೆಲದ ಮೇಲೆ, ಕಾರಿನ ಮೇಲೆ, ನಮ್ಮ ತಲೆಗಳ ಮೇಲೆ ದುಂಡನೆಯ ಬಿಲ್ಲೆಗಳಾಗಿ ಬೀಳುತ್ತಿತ್ತು. ಬೆಳಿಗ್ಗೆ ಕಾರಿನ ಹಿಂಬದಿಯಲ್ಲಿದ್ದ ಬಿಲ್ಲೆಗಳು ಮೆಲ್ಲಗೆ ತೆವಳುತ್ತ ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನ ಮೇಲೆ ಬಂದು ಕೂರುತ್ತಿದ್ದವು. ಗಡಿಯಾರ ನೋಡುವ ಅಭ್ಯಾಸ ನನಗೆ ಆಗಲೇ ಇಲ್ಲ. ಬಿಲ್ಲೆ ಎಲ್ಲಿದೆ ಎಂದು ನೋಡಿದರೆ ಊಟದ ಹೊತ್ತು ತಿಳಿಯುತ್ತಿತ್ತು.

ವಿಷಯ ಇಷ್ಟು. ಶೈಲಾ ಈ ಕಾರನ್ನು ಎರಡು ಸಲ ಓಟಕ್ಕೆ ಒಯ್ದಿದ್ದಳು. ಎರಡು ಸಲವೂ ಅದು ನಡುದಾರಿಯಲ್ಲಿ ನಿಂತು, ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ಬಂದಿತ್ತು. ಎರಡನೆಯ ಸಲ ಎಳೆದದ್ದು ಹೋಟೆಲಿನದೇ ಟೆಂಪೋ, ಅದರ ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ‘ಬಿಸಿ ಇಡ್ಲಿ’ ಎಂದು ಬರೆದಿತ್ತು. ಯಾರೋ ತೆಗೆದ ಆ ಚಿತ್ರ ಫೋನಿನಿಂದ ಫೋನಿಗೆ ಹಾರುತ್ತ ಕೊನೆಗೆ ಶೆಟ್ಟರ ಕೈಗೇ ಬಂದು ಕೂತಿತು. ಅಂದೇ ಅವರು ಮಗಳಿಂದ ಮಾತು ತೆಗೆದುಕೊಂಡರು. ಬರುವ ಭಾನುವಾರದ ಓಟವನ್ನು ಕಾರು ಪೂರ್ತಿ ಮುಗಿಸಿ ಬಂದರೆ ಅದು ಮನೆಯಲ್ಲಿರಲಿ. ಇಲ್ಲವಾದರೆ ಸೋಮವಾರ ಹಡಪಸರದ ಗಿರಾಕಿ ಬಂದು ಒಯ್ಯುತ್ತಾನೆ, ಆಮೇಲೆ ಓಟದ ಮಾತು ಮನೆಯಲ್ಲಿ ಎತ್ತಕೂಡದು. ಶೈಲಾ ಒಪ್ಪಿಕೊಂಡಿದ್ದಳು. ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೆಯ ಕಾಲದ ಡಿಸ್ಟ್ರಿಬ್ಯೂಟರನ್ನು ಕಿತ್ತೆಸೆದು, ಹೊರಗಿನಿಂದ ಕೊಂಡ ಒಂದು ಎಂಜಿನ್ ಕಂಪ್ಯೂಟರನ್ನು ಕೂರಿಸಲು ನಿರ್ಧರಿಸಿದ್ದಳು. ಅದಕ್ಕೇ ನನ್ನ ಶೆಡ್ಡು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಆ ಕಂಪ್ಯೂಟರಿನ ಗುಣವನ್ನು ಮೊದಲು ಹೇಳಬೇಕು. ಅದಕ್ಕೆ ಕಣ್ಣಿಲ್ಲ. ಎಂಜಿನ್ನಿನ ಒಳಗೆ ಪಿಸ್ಟನ್ ಎಲ್ಲಿದೆ, ಮೇಲೋ ಕೆಳಗೋ, ಅದಕ್ಕೆ ಕಾಣದು. ಆದರೂ ಯಾವ ಗಳಿಗೆಯಲ್ಲಿ ಕಿಡಿ ಹಾರಿಸಬೇಕು, ಯಾವಾಗ ಪೆಟ್ರೋಲು ಚಿಮುಕಿಸಬೇಕು ಎಂದು ಅದು ತಿಳಿಯಬೇಕು. ಅದಕ್ಕಾಗಿ ಎಂಜಿನ್ನಿನ ಮುಂದಿನ ಪುಲ್ಲಿಯ ಹಿಂದೆ ಒಂದು ಹಲ್ಲಿನ ಚಕ್ರ ಕೂರಿಸುತ್ತೇವೆ. ಚಕ್ರದ ಎದುರಿಗೆ, ತಾಗಿತೋ ಇಲ್ಲವೋ ಎಂಬಂತೆ ಒಂದು ಸೆನ್ಸರ್. ಒಳಗೊಂದು ಅಯಸ್ಕಾಂತ, ಅದರ ಸುತ್ತ ಸುತ್ತಿದ ತಂತಿ, ಹೊರಗೆ ಬಂದ ಎರಡು ವೈರು. ಇಷ್ಟೇ ಅದರ ಸಂಸಾರ. ಒಂದೊಂದು ಹಲ್ಲು ಎದುರಿಗೆ ಹಾದುಹೋದಾಗಲೂ ವೈರಿನಲ್ಲಿ ಒಂದು ಅಲೆ ಏಳುತ್ತದೆ, ಬೀಳುತ್ತದೆ. ಕಂಪ್ಯೂಟರ್ ಆ ಅಲೆಗಳನ್ನು ಎಣಿಸುತ್ತ ಹೋಗುತ್ತದೆ.

ಎಣಿಸುವುದೇನೋ ಸರಿ, ಎಲ್ಲಿಂದ ಎಣಿಸಬೇಕು?

ನನ್ನ ಅಜ್ಜಿ ಗದಗಿನ ಕಡೆಯವಳು. ಅಪ್ಪನಿಗೆ ಪುಣೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಾಗ ಅವಳೂ ಜೊತೆಗೆ ಬಂದಳು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ನನ್ನ ಕನ್ನಡವೆಲ್ಲ ಅಜ್ಜಿಯ ಬಾಯಿಂದ, ಅವಳನ್ನು ನೋಡಲು ಬರುತ್ತಿದ್ದ ಮುದುಕಿಯರ ಬಾಯಿಂದ ಬಿದ್ದದ್ದನ್ನು ಆರಿಸಿಕೊಂಡದ್ದು. ಸಂಜೆ ದೀಪ ಹಚ್ಚುವ ಮೊದಲಿನ ಮಬ್ಬಿನಲ್ಲಿ ಅವಳು ವಾಡೆಯ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಸೆರಗಿನೊಳಗೆ ಜಪಮಾಲೆ ತಿರುಗಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಹೆಬ್ಬೆರಳು ಬಟ್ಟೆಯೊಳಗೆ ಇಲಿಯಂತೆ ಓಡಾಡುವುದನ್ನು ನೋಡುತ್ತಿದ್ದೆ. ಒಮ್ಮೆ ಕೇಳಿದೆ, “ಕಣ್ಣ ಮುಚ್ಚಿದ್ರ ಒಂದ ಸುತ್ತ ಮುಗೀತಂತ ಹೆಂಗ ಗೊತ್ತಾಗ್ತದ ಆಯೀ?”

“ಮೇರು ಹೇಳ್ತದ” ಎಂದಳು. ನನ್ನ ಬೆರಳನ್ನು ಹಿಡಿದು ಮಾಲೆಯ ಮೇಲೆ ಇಟ್ಟಳು. ಒಂದೇ ಅಳತೆಯ ಮಣಿಗಳು ಒಂದರ ಹಿಂದೆ ಒಂದು ಜಾರಿದವು, ಜಾರಿದವು. ಒಂದು ಕಡೆ ಬೆರಳು ತಡೆಯಿತು. ಅಲ್ಲೊಂದು ಬೇರೆ ಮಣಿ. “ಇದನ್ನ ದಾಟಬಾರದು. ಇಲ್ಲಿಂದ ಮತ್ತ ಹೊಳ್ಳಬೇಕು. ಇದಿಲ್ಲಂದ್ರ ಮಾಲೆಗೆ ಮೊದಲೂ ಇಲ್ಲ, ಕಡೀನೂ ಇಲ್ಲ. ಮನಶಾ ಅದರಾಗ ಕಳದ ಹೋಗ್ತಾನ.”

ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿ ಇಂಥ ಚಕ್ರ ಕೈಗೆ ಬಂದಾಗ ನನಗೆ ಯಾರೂ ಹೆಚ್ಚು ವಿವರಿಸಬೇಕಾಗಲಿಲ್ಲ. ಮೂವತ್ತಾರು ಹಲ್ಲಿರಬೇಕಾದ ಚಕ್ರದಲ್ಲಿ ಒಂದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಬಿಟ್ಟ ಜಾಗವೇ ಮೇರು. ಜಪಮಾಲೆಗೆ ಮಣಿ ಇರುವುದು ಗುರುತು, ಈ ಚಕ್ರಕ್ಕೆ ಹಲ್ಲು ಇಲ್ಲದಿರುವುದು ಗುರುತು, ಅಷ್ಟೇ ವ್ಯತ್ಯಾಸ. ಆ ಖಾಲಿ ಜಾಗ ಹಾದುಹೋದಾಗ ಕುರುಡು ಕಂಪ್ಯೂಟರ್ ‘ಓ, ಇಲ್ಲಿದ್ದೇನೆ’ ಎಂದು ಉಸಿರು ಬಿಡುತ್ತದೆ.

ನಾನು ಕಲಿತ ಕಾಲದಲ್ಲಿ ಇದೆಲ್ಲ ಇರಲಿಲ್ಲ. ದೀಕ್ಷಿತ್ ಸಾಹೇಬರು ಪ್ಲಗ್ ಬಿಚ್ಚಿದ ತೂತಿನಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇಳಿಬಿಟ್ಟು, “ಬೋಟಾನೆ ಬಘ್, ಡೋಳ್ಯಾನೆ ನಾಹೀ” ಎನ್ನುತ್ತಿದ್ದರು, ಬೆರಳಿಂದ ನೋಡು, ಕಣ್ಣಿಂದಲ್ಲ. ಎಂಜಿನ್ನನ್ನು ಕೈಯಿಂದ ತಿರುಗಿಸಿದಾಗ ಪಿಸ್ಟನ್ ಸ್ಕ್ರೂಡ್ರೈವರನ್ನು ಮೇಲೆ ತಳ್ಳುತ್ತ ಬರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಆ ನಿಲ್ಲುವ ಕ್ಷಣವನ್ನು ಹಿಡಿಯಬೇಕು. ಆಮೇಲೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆ ಕಡೆ, ಈ ಕಡೆ ತಿರುಗಿಸುತ್ತ ಎಂಜಿನ್ನಿನ ದನಿ ಕೇಳಬೇಕು. ದನಿ ಎಲ್ಲಿ ತಿಳಿಯಾಗುತ್ತದೋ ಅಲ್ಲಿ ಬಿಗಿ ಮಾಡಬೇಕು. ಸಾಹೇಬರು ಸಿಟ್ಟಿನ ಮನುಷ್ಯ, ಸ್ಪ್ಯಾನರ್ ಎಸೆಯುತ್ತಿದ್ದರು. ಆದರೆ ಎಂಜಿನ್ ತಿಳಿಯಾಗಿ ಹಾಡಿದ ಹೊತ್ತಿನಲ್ಲಿ ಅವರ ಮುಖ ಮಲಗಿದ ಕೂಸಿನ ಮುಖವಾಗುತ್ತಿತ್ತು.

ಸೆನ್ಸರುಗಳ ಕಾಲ ಬಂದ ಮೇಲೆ ನೋವುಗಳ ಜಾತಿಯೇ ಬದಲಾಯಿತು. ಒಂದಷ್ಟು ಹೇಳಿಬಿಡುತ್ತೇನೆ, ನಿಮಗೆ ಉಪಯೋಗಕ್ಕೆ ಬಂದೀತು.

ಒಬ್ಬ ಡಾಕ್ಟರರ ಕಾರು ಊರೊಳಗೆ ಹಂಸದಂತೆ ಹೋಗುತ್ತಿತ್ತು, ಹೆದ್ದಾರಿಗೆ ಬಿದ್ದು ವೇಗ ಹಿಡಿದರೆ ಮುಗ್ಗರಿಸುತ್ತಿತ್ತು. ಪೆಟ್ರೋಲು ಪಂಪು ಬದಲಿಸಿದ್ದರು, ಕಾಯಿಲ್ ಬದಲಿಸಿದ್ದರು. ಕೊನೆಗೆ ನೋಡಿದರೆ ಸೆನ್ಸರಿನ ಎರಡು ವೈರುಗಳು ಅದಲುಬದಲಾಗಿದ್ದವು. ಹಾಗಾದಾಗ ಅಲೆ ಏಳಬೇಕಾದಲ್ಲಿ ಬೀಳುತ್ತದೆ, ಬೀಳಬೇಕಾದಲ್ಲಿ ಏಳುತ್ತದೆ. ನಿಧಾನಕ್ಕೆ ಹೋಗುವಾಗ ಕಂಪ್ಯೂಟರ್ ಹೇಗೋ ಸಂಭಾಳಿಸುತ್ತದೆ. ವೇಗ ಹೆಚ್ಚಿದಂತೆ ಕಿಡಿಯ ಹೊತ್ತು ಜಾರುತ್ತ ಹೋಗುತ್ತದೆ. ವೈರು ತಿರುವಿ ಹಾಕಿದೆ. ಡಾಕ್ಟರರು, “ಆಪರೇಶನ್ ಅಷ್ಟೇ ಏನ್ರಿ?” ಎಂದರು. “ಅಷ್ಟರೀ” ಎಂದೆ. “ನಮ್ಮಲ್ಲಿ ಹಿಂಗ ಎರಡ ನರ ತಿರುವಿ ಹಾಕಿ ಮನಿಗೆ ಕಳಸೂ ಹಂಗಿದ್ರ!” ಎಂದು ಆಸೆಪಟ್ಟರು.

ಇನ್ನೊಂದು ಸಲ ಸೆನ್ಸರಿಗೆ ಗಡ್ಡ ಬಂದಿತ್ತು. ನಗಬೇಡಿ. ಯಾವನೋ ಸೆನ್ಸರನ್ನು ಗ್ರೈಂಡರಿನ ಪಕ್ಕ ಇಟ್ಟು ಚಹಕ್ಕೆ ಹೋಗಿದ್ದ. ಒಳಗಿನ ಅಯಸ್ಕಾಂತ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಂಡು, ಮುಖ ತುಂಬ ಕಪ್ಪು ಗಡ್ಡ ಬೆಳೆಸಿಕೊಂಡಿತ್ತು. ಅದನ್ನು ಹಾಗೆಯೇ ಕೂರಿಸಿದ್ದರಿಂದ ಅದಕ್ಕೆ ಹಲ್ಲು ಯಾವುದು, ಸಂದು ಯಾವುದು ತಿಳಿಯದಾಯಿತು. ಹಿಟ್ಟಿನ ಉಂಡೆ ಒತ್ತಿ ಒತ್ತಿ ತೆಗೆದೆ. ಬಟ್ಟೆಗೆ ಬಾರದ ಪುಡಿ ಕಣಕಕ್ಕೆ ಬರುತ್ತದೆ. ಹೆಂಡತಿ ಚಪಾತಿಗೆ ಕಲಸಿದ ಹಿಟ್ಟು ಏಕೆ ಕಡಿಮೆಯಾಯಿತು ಎಂದು ಕೇಳಿದಾಗ ಮಾತ್ರ ಉತ್ತರ ಕೊಡುವುದು ಕಷ್ಟವಾಯಿತು.

ಮತ್ತೆ ಆ ವೈರಿನ ಮೇಲಿನ ಜಾಲರಿಯ ಹೊದಿಕೆ. ಪಕ್ಕದ ಕಿಡಿಯ ವೈರಿನ ಗದ್ದಲ ಒಳಗೆ ಬಾರದಿರಲಿ ಎಂದು ಅದನ್ನು ಹಾಕಿರುತ್ತಾರೆ. ಅದನ್ನು ಕಂಪ್ಯೂಟರಿನ ಕಡೆ, ಒಂದೇ ತುದಿಯಲ್ಲಿ ಅರ್ಥ್ ಮಾಡಬೇಕು. ಒಳ್ಳೆಯದಾಗಲಿ ಎಂದು ಎರಡೂ ತುದಿ ಕಟ್ಟಿದರೆ ಗದ್ದಲ ಹೋಗುವ ಬದಲು ಒಳಗೇ ಸುತ್ತು ಹೊಡೆಯುತ್ತದೆ. ಒಳ್ಳೆಯದಾಗಲಿ ಎಂದು ಮಾಡಿದ ಕೆಲಸಗಳು ಈ ವೃತ್ತಿಯಲ್ಲಿ ಕೆಡಿಸಿದಷ್ಟು, ಕೇಡಿಗೆಂದು ಮಾಡಿದವು ಕೆಡಿಸಿದ್ದನ್ನು ನಾನು ಕಂಡಿಲ್ಲ.

ಅದೇ ಗುರುವಾರದ ಮಾತಿಗೆ ಬರುತ್ತೇನೆ.

ಶೈಲಾ ಕೀಲಿ ತಿರುಗಿಸಿದಳು. ಎಂಜಿನ್ ‘ಗಿರ್ ಗಿರ್’ ಎಂದು ತಿರುಗಿತು, ಹೊತ್ತಲಿಲ್ಲ. ಕಿಡಿ ಇಲ್ಲ. ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚೌಕ ಹಾಗೆಯೇ ಉರಿಯುತ್ತಿತ್ತು.

“ಕಾಕಾ, ಸಿಂಕ್ ಆಗ್ತಾನೇ ಇಲ್ಲ” ಎಂದಳು. “ಅದಕ್ಕೆ ಎಂಜಿನ್ ಎಲ್ಲಿದೆ ಅಂತ ಗೊತ್ತಾಗ್ತಾ ಇಲ್ಲ.”

“ನಿನಗೆ ಗೊತ್ತುಂಟಲ್ಲ, ಅಲ್ಲೇ ಎದುರಿಗೆ ಉಂಟು, ಹೇಳು ಅದಕ್ಕೆ!” ಎಂದರು ಶೆಟ್ಟರು ಕುರ್ಚಿಯಿಂದ.

“ಪಪ್ಪಾ, ಪ್ಲೀಸ್.”

“ನಾನೆಂತ ಹೇಳಿದೆ? ಹಡಪಸರದವ ಬೆಳಿಗ್ಗೆ ಫೋನ್ ಮಾಡಿದ್ದ. ಸೋಮವಾರ ಎಷ್ಟು ಗಂಟೆಗೆ ಬರ್ಬೇಕು ಕೇಳ್ದ. ನಾ ಎಂತ ಹೇಳೂದು ಮಾರಾಯ್ತಿ?”

“ಬರೂದು ಬೇಡ ಹೇಳಿ.”

“ಅದನ್ನು ಈ ಕಾರು ಹೇಳ್ಬೇಕು, ನಾನಲ್ಲ.”

ಬಾಗಿಲಲ್ಲಿದ್ದ ಕಾಶಪ್ಪಣ್ಣ ನಕ್ಕರು. ಅವರು ಬಂದದ್ದು ಕೆಲಸಕ್ಕಲ್ಲ, ಕೇಳುವುದಕ್ಕೆ. ತಾವು ಒಂದು ತುಣುಕು ಮಾಡಿಕೊಟ್ಟ ಎಂಜಿನ್ ಮೊದಲ ಸಲ ಹೊತ್ತುವಾಗ ಎದುರಿಗೆ ಇರಬೇಕೆಂಬುದು ಅವರ ಹಟ. ಈ ಕಾರಿನ ಹಲ್ಲಿನ ಚಕ್ರವನ್ನು ಪುಲ್ಲಿಗೆ ಒಗ್ಗಿಸಿ, ಓರೆಯಿಲ್ಲದಂತೆ ಕೂರಿಸಿದ್ದು ಅವರೇ. ಇನ್ನೊಬ್ಬರ ಸುತ್ತಿಗೆಯನ್ನು ನಂಬದ ಮನುಷ್ಯ. ಶೈಲಾ ಚಾಕಣಕ್ಕೆ ಹೋಗಿದ್ದ ದಿನ, ನಾನು ಬೇರೆ ಗಾಡಿಯ ಕೆಳಗೆ ಮಲಗಿದ್ದಾಗ, ಬಂದು ಎಂಜಿನ್ನಿಗೂ ತಾವೇ ಜೋಡಿಸಿ, ಮಣ್ಣು ಹಾರಬಾರದೆಂದು ತಗಡಿನ ಮುಚ್ಚಳವನ್ನೂ ಹಾಕಿ ಹೋಗಿದ್ದರು. ಸೆನ್ಸರಿನ ಮೂಗು ತೂರುವಷ್ಟು ಒಂದು ಕಿಂಡಿ ಮಾತ್ರ ಉಳಿದಿತ್ತು.

ಅವರ ಕೆಲಸದ ರೀತಿಯನ್ನು ಇಲ್ಲಿ ಹೇಳಲೇಬೇಕು. ಒಂದು ಕೆಲಸಕ್ಕೆ ಕೊಟ್ಟರೆ ಅದರ ಪಕ್ಕದ ಇನ್ನೊಂದು ಊನವನ್ನೂ ಸರಿ ಮಾಡಿಡುತ್ತಿದ್ದರು, ಮಾಡಿದೆ ಎಂದು ಬಾಯಿ ಬಿಡುತ್ತಿರಲಿಲ್ಲ. ನಾನೇ ಒಮ್ಮೆ ಡೈನಮೋದ ಶಾಫ್ಟು ಕೊಟ್ಟಾಗ ಬೇರಿಂಗ್ ಕೂರುವ ಮನೆ ಸವೆದದ್ದನ್ನೂ ತುಂಬಿ ಕೊಟ್ಟಿದ್ದರು. ತಿಂಗಳುಗಳ ಮೇಲೆ ನನಗೆ ಗೊತ್ತಾಗಿ ಕೇಳಿದರೆ, “ಹೇಳಿ ಮಾಡಿದ್ರ ಅದು ಉಪಕಾರ ಆಗ್ತದ. ಹೇಳ್ದ ಮಾಡಿದ್ರ ಕೆಲಸ” ಎಂದಿದ್ದರು. ಅಂಥವರ ಕೈಯಿಂದ ಬಂದ ವಸ್ತುವನ್ನು ಮತ್ತೆ ಬಿಚ್ಚಿ ನೋಡುವುದು ಅವಮಾನ ಮಾಡಿದಂತೆ ಎಂದು ನಾವು ಯಾರೂ ನೋಡುತ್ತಿರಲಿಲ್ಲ.

ನಾನು ವೈರಿನಿಂದ ಶುರು ಮಾಡಿದೆ. ಮೀಟರ್ ಹಿಡಿದು ನೋಡಿದೆ, ತಂತಿ ಎಲ್ಲೂ ಕಡಿದಿರಲಿಲ್ಲ. ಎರಡು ವೈರು ಸರಿಯಾದ ಕಡೆಗೇ ಇದ್ದವು. ಜಾಲರಿಯ ಹೊದಿಕೆ ಒಂದೇ ತುದಿಯಲ್ಲಿ ಕಟ್ಟಿತ್ತು. ಸೆನ್ಸರ್ ಬಿಚ್ಚಿ ಮುಖ ನೋಡಿದೆ, ಗಡ್ಡವಿಲ್ಲ, ಮದುಮಗನಂತೆ ನುಣ್ಣಗಿತ್ತು. ಮತ್ತೆ ಕೂರಿಸಿ ಹಲ್ಲಿಗೂ ಅದಕ್ಕೂ ನಡುವಿನ ಸಂದು ಅಳೆದೆ, ಕೈ ಬೆರಳಿನ ಉಗುರು ತೂರುವಷ್ಟು, ಬೇಕಾದಷ್ಟೇ. ಶೈಲಾ ಈ ನಡುವೆ ಲ್ಯಾಪ್‌ಟಾಪಿನಲ್ಲಿ ತಾನು ತುಂಬಿದ್ದನ್ನೆಲ್ಲ ಒಂದೊಂದಾಗಿ ತಿದ್ದಿ ನೋಡುತ್ತಿದ್ದಳು. ಅವಳ ತಪ್ಪು ಏನೂ ಇರಲಿಲ್ಲ. ಆದರೂ ತಪ್ಪು ತನ್ನದೇ ಇರಬೇಕೆಂದು ಹುಡುಕುವ ಸ್ವಭಾವ. ಒಳ್ಳೆಯ ಎಂಜಿನಿಯರುಗಳಿಗೆಲ್ಲ ಅದು ಇರುತ್ತದೆ.

ಬಿಸಿಲಿನ ಬಿಲ್ಲೆಗಳು ಎಂಜಿನ್ನಿನ ಮೇಲೆ ಬಂದಿದ್ದವು. ಶೆಟ್ಟರು ಹೋಟೆಲಿನಿಂದ ತರಿಸಿದ ಅವಲಕ್ಕಿ, ಬನ್ಸು ತಿಂದಾಯಿತು. ಕಾಯಿ ಮಾತ್ರ ತನ್ನ ಜಾಗದಲ್ಲಿ ಕಣ್ಣು ಬಿಟ್ಟುಕೊಂಡು ಕೂತಿತ್ತು.

ಕೊನೆಗೆ ಆಸಿಲೋಸ್ಕೋಪು ತೆಗೆದೆ. ವೈರಿನೊಳಗಿನ ಅಲೆಯನ್ನು ಪರದೆಯ ಮೇಲೆ ಬರೆದು ತೋರಿಸುವ ಯಂತ್ರ ಅದು. ಅದರ ಕೊಂಡಿಗಳನ್ನು ಸೆನ್ಸರಿನ ವೈರಿಗೆ ಕಚ್ಚಿಸಿ, “ತಿರುಗಿಸವ್ವಾ” ಎಂದೆ.

ಪರದೆಯ ಮೇಲೆ ಅಲೆಗಳು ಎದ್ದವು. ನಾನು ಎಷ್ಟೋ ಎಂಜಿನ್ನುಗಳ ಅಲೆ ನೋಡಿದ್ದೇನೆ. ಓರೆಯಾದ ಚಕ್ರದ್ದು ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗಿ ಬರುತ್ತದೆ, ಗದ್ದಲ ಹೊಕ್ಕದ್ದು ಮುಳ್ಳುಕಂಟಿಯಂತೆ ಬರುತ್ತದೆ. ಇದು ಹಾಗಲ್ಲ. ಒಂದೇ ಎತ್ತರ, ಒಂದೇ ಅಗಲ, ಒಂದರ ಹಿಂದೆ ಒಂದು. ಮುಂಜಾನೆ ಯಾರೂ ಇನ್ನೂ ಇಳಿಯದ ಹೊತ್ತಿನಲ್ಲಿ ಇಂದ್ರಾಯಣಿಯ ನೀರು ಘಾಟಿನ ಮೆಟ್ಟಿಲಿಗೆ ಬಂದು ಬಂದು ತಾಗುವಂತೆ. ನಾನು ಮೈಮರೆತೆ. ವಾಡೆಯ ಕಟ್ಟೆ, ದೀಪ ಹಚ್ಚದ ಸಂಜೆ, ಸೆರಗಿನೊಳಗೆ ಅಜ್ಜಿಯ ಹೆಬ್ಬೆರಳು. ಮಣಿ ಜಾರುತ್ತಿತ್ತು, ಜಾರುತ್ತಿತ್ತು, ಜಾರುತ್ತಲೇ ಇತ್ತು.

“ಕಾಕಾ, ಬ್ಯಾಟರಿ ಇಳೀತದೆ. ಇನ್ನೂ ತಿರುಗಿಸ್ಲಾ?”

“ಇನ್ನೊಂಚೂರು.”

ಬೆರಳು ಎಲ್ಲೂ ತಡೆಯಲಿಲ್ಲ. ಅದೇ ನನ್ನನ್ನು ಎಬ್ಬಿಸಿತು. ಇಷ್ಟು ಸುತ್ತು ಆಯಿತಲ್ಲ, ಮೇರು ಎಲ್ಲಿ?

“ಸಾಕು, ಬಿಡು” ಎಂದೆ. ಬ್ಯಾಟರಿಯ ಕೊಂಡಿ ತೆಗೆದು, ಸೆನ್ಸರ್ ಬಿಚ್ಚಿ, ಕಾರಿನ ಕೆಳಗೆ ಮಲಗಿದೆ. ಆ ಕಿಂಡಿಯಲ್ಲಿ ಕಿರುಬೆರಳು ತೂರಿಸಿ, ಶೈಲಾಳಿಗೆ ಪುಲ್ಲಿಯನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಿರುಗಿಸಲು ಹೇಳಿದೆ. ಒಂದೊಂದೇ ಹಲ್ಲು ಬೆರಳ ತುದಿಯಿಂದ ಹಾದು ಹೋಯಿತು. ಕಣ್ಣು ಮುಚ್ಚಿಕೊಂಡೆ. ಪುಲ್ಲಿಯ ಮೇಲೆ ತಾನು ಹಾಕಿದ ಗುರುತು ಕೆಳಗೆ ಬಂತು, ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು ಎಂದು ಅವಳು ಹೇಳುತ್ತಿದ್ದಳು. ಹಲ್ಲು, ಸಂದು, ಹಲ್ಲು, ಸಂದು. ಖಾಲಿ ಜಾಗ ಇಲ್ಲ.

ಕಾಶಪ್ಪಣ್ಣ ಎದ್ದು ಬಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತರು. “ಏನ ಹುಡಕಾಕತ್ತೀಯೋ ವಿರೂಪಾಕ್ಷಿ? ಭಾಳ ಹೊತ್ತಾತು.”

“ಒಂದ ಹಲ್ಲ ಕಡಿಮಿ ಇರಬೇಕಿತ್ತಣ್ಣ ಈ ಗಾಲಿಗೆ.”

ಅವರ ಮುಖ ಅರಳಿತು. ಮಾಡಿದ್ದನ್ನು ಹೇಳದ ಮನುಷ್ಯ, ಸಿಕ್ಕಿಬಿದ್ದ ಸಂತೋಷಕ್ಕೆ ಅಂದು ಹೇಳಿಬಿಟ್ಟರು. “ಹೌದ ಮತ್ತ, ಇತ್ತು. ಡಬ್ಬಿ ಬಿಚ್ಚಿ ನೋಡ್ತೀನಿ, ಒಂದ ಹಲ್ಲ ಹೋಗಿಬಿಟ್ಟದ. ಹೊಸಾ ಗಾಲಿ! ಪಾಪ, ಕೂಸು ಎಲ್ಲಿಂದಲೋ ತರಿಸ್ಯಾಳ, ಮೋಸ ಮಾಡ್ಯಾರ ಅಂತ ಹೊಟ್ಟಿ ಉರೀತು. ವೆಲ್ಡಿಂಗ್ ತುಂಬಿ, ಅರ ಹಾಕಿ, ಎಲ್ಲಾ ಹಲ್ಲಿನ ಸರಿಸಾಟಿ ಮಾಡೀನಿ. ಎಲ್ಲಿ ತುಂಬೀನಿ ಹೇಳ ನೋಡೂಣ?”

ನಾನು ಕಾರಿನ ಕೆಳಗೇ ಮಲಗಿದ್ದೆ. ಮೇಲೆ ಎಂಜಿನ್ನಿನ ಸಂದಿನಿಂದ ಶೈಲಾಳ ಮುಖ ಕಾಣುತ್ತಿತ್ತು. ಅವಳ ಬಾಯಿ ತೆರೆದಿತ್ತು. ಒಂದು ಬಿಸಿಲ ಬಿಲ್ಲೆ ಅವಳ ಹಣೆಯ ಮೇಲೆ ಬಂದು ಕೂತಿತ್ತು.

ಶೆಟ್ಟರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ, “ಅಯ್ಯೋ ದೇವರೇ! ಬೆಳಿಗ್ಗೆಯಿಂದ ನಾವು...” ಎಂದು ಎದ್ದರು. ಶೈಲಾ ಅವರ ಕಡೆ ನೋಡಿದಳು, ಬರಿ ನೋಡಿದಳು. ಅವರು ಹಾಗೆಯೇ ಕೂತರು. ಸಿಟ್ಟಾಗಲು ಅವಳಿಗಿಂತ ಹೆಚ್ಚಿನ ಹಕ್ಕು ಅಲ್ಲಿ ಯಾರಿಗೂ ಇರಲಿಲ್ಲ. ಅವಳು ಬಂದು ಕಾಶಪ್ಪಣ್ಣನ ಪಕ್ಕ ನೆಲದ ಮೇಲೆ ಕೂತಳು.

“ಅಜ್ಜಾ, ಅದು ಮುರಿದದ್ದಲ್ಲ. ಹಾಗೇ ಇರ್ಬೇಕಿತ್ತು. ನಿಮಗೆ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ.”

ಅರಳಿದ ಮುಖ ಮೆಲ್ಲಗೆ ಮುದುಡುವುದನ್ನು ನಾನು ಕೆಳಗಿನಿಂದ ನೋಡಿದೆ. “ಅಂದ್ರ... ಗಾಡಿ ನನ್ನಿಂದ ನಿಂತದೇನು?”

ನಾನು ಹೊರಗೆ ಬಂದು ಕೈ ಒರೆಸಿಕೊಂಡೆ. ಅಜ್ಜಿಯ ಜಪಮಾಲೆಯ ಮಾತು ಹೇಳಿದೆ, ಕುರುಡು ಕಂಪ್ಯೂಟರಿನ ಮಾತು ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು, ಒಪ್ಪಲಿಲ್ಲ. “ಜಪಾ ಗಿಪಾ ನನಗ ತಿಳಿಯೂದಿಲ್ಲಪಾ. ಇಲ್ಲದ್ದು ಹೆಂಗ ಗುರುತಾಗ್ತದ?” ಎಂದರು. ಹೊರಗೆ ಯಾರೋ ಸ್ಕೂಟರನ್ನು ತಳ್ಳಿಕೊಂಡು ಹೋದರು. ಕಾಶಪ್ಪಣ್ಣ ತಮ್ಮ ಬಲಗೈ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತ ಕೂತಿದ್ದರು, ಅಲ್ಲಿ ಸೀಮೆಸುಣ್ಣದ ಬಿಳುಪು ವರ್ಷಗಟ್ಟಲೆಯಿಂದ ಚರ್ಮಕ್ಕೇ ಅಂಟಿಬಿಟ್ಟಿತ್ತು. ಅವರ ಕಣ್ಣು ಆ ಬೆರಳಿನ ಮೇಲೆ ನಿಂತಿತು.

“ತಡೀ, ತಡೀ” ಎಂದರು. “ಬೋಲ್ಟಿಗೆ ಥ್ರೆಡ್ ಕೊರಿಯಾಕ ಒಂದ ಸಲ ಟೂಲ್ ಹಾಯಿಸಿದ್ರ ಸಾಲೂದಿಲ್ಲ, ಮತ್ತ ಮತ್ತ ಅದs ದಾರ್‍ಯಾಗ ಹಾಯಿಸಬೇಕು. ದಾರಿ ತಪ್ಪಬಾರದಂತ ಬೋಲ್ಟ ಹಿಡಕೊಂಡು ತಿರುಗೂ ಲೇತಿನ ಚಕ್ಕಿನ ಮ್ಯಾಲ ಸುಣ್ಣದ ಗೆರಿ ಎಳೀತೀನಿ. ಗೆರಿ ಮ್ಯಾಲ ಬಂದಾಗ ಟೂಲ್ ಬಿಡ್ತೀನಿ. ಹಂಗೇನು ಇದು?”

“ಹಂಗs ಅಣ್ಣ.”

“ಅಂದ್ರ ನಾ ಆ ಗೆರೀನs ಒರಿಸಿಬಿಟ್ಟೆ.”

ಎದ್ದು ಅಂಗಿಯ ತೋಳು ಮಡಚಿದರು. “ಬಿಚ್ಚರಿ. ನನ್ನ ಹಲ್ಲ ನಾನs ತಗೀತೀನಿ.”

ಮುಚ್ಚಳ, ಪುಲ್ಲಿ, ಚಕ್ರ ಎಲ್ಲ ಬಿಚ್ಚಿ ನನ್ನ ಬೆಂಚಿನ ವೈಸಿಗೆ ಕಟ್ಟಿದೆವು. ಆಗ ಇನ್ನೊಂದು ತೊಡಕು. ತಾವು ತುಂಬಿದ ಹಲ್ಲು ಯಾವುದೆಂದು ಕಾಶಪ್ಪಣ್ಣನಿಗೇ ಕಾಣಲಿಲ್ಲ. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಶೈಲಾ ಫೋನಿನ ಬೆಳಕು ಹಿಡಿದಳು. ಎಲ್ಲ ಒಂದೇ ತರ.

“ಅಜ್ಜಾ, ಯಾವುದನ್ನು ತೆಗೆದ್ರೂ ಆಗ್ತದೆ. ಎಲ್ಲಿ ಖಾಲಿ ಉಂಟು ಅಂತ ನಾನು ಕಂಪ್ಯೂಟರಿಗೆ ಹೇಳಿಬಿಡ್ತೇನೆ” ಎಂದಳು ಶೈಲಾ. ಅವಳು ಹೇಳಿದ್ದು ನಿಜವೇ.

“ಬ್ಯಾಡವ್ವಾ. ತುಂಬಿದ್ದು ನಾ. ಒಳ್ಳೇ ಹಲ್ಲ ಯಾಕ ಕೀಳಬೇಕು?”

ಅವರು ಒಂದು ಸಣ್ಣ ಅರ ತೆಗೆದುಕೊಂಡು ಕಣ್ಣು ಮುಚ್ಚಿದರು. ಒಂದೊಂದು ಹಲ್ಲಿನ ನೆತ್ತಿಯ ಮೇಲೂ ಅರವನ್ನು ಗಾಳಿಯಷ್ಟು ಹಗುರಾಗಿ ಎಳೆಯುತ್ತ ಹೋದರು. ‘ಸರ್’ ಎಂದು ಕಚ್ಚುತ್ತಿತ್ತು, ಮುಂದಿನದು, ‘ಸರ್’, ಮುಂದಿನದು. ಮಧ್ಯಾಹ್ನದ ಜೋಂಪಿನಲ್ಲಿ ಆ ಸದ್ದು ಯಾರೋ ದೂರದಲ್ಲಿ ಪಿಸುಗುಟ್ಟಿದಂತಿತ್ತು. ಶೆಟ್ಟರು ಕೂಡ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿ ಹತ್ತಿರ ಬಂದು ನಿಂತಿದ್ದರು. ಒಂದು ಹಲ್ಲಿನ ಮೇಲೆ ಅರ ಕಚ್ಚದೆ ‘ಸ್ಸ್’ ಎಂದು ಜಾರಿತು. ವೆಲ್ಡಿಂಗ್ ತುಂಬಿದ ಲೋಹ ತುಸು ಗಡಸು, ಹಗುರ ಕೈಗೆ ಸಿಕ್ಕುವುದಿಲ್ಲ. ಕಾಶಪ್ಪಣ್ಣ ಕಣ್ಣು ಬಿಟ್ಟರು. “ಇಲ್ಲದ” ಎಂದರು.

ಗರಗಸದಿಂದ ಕೊಯ್ದು, ಬುಡವನ್ನು ಅರದಿಂದ ನುಣ್ಣಗೆ ಮಾಡಿದರು. ಕೊಯ್ದ ತುಣುಕು ನೆಲದ ಮೇಲೆ ಬಿತ್ತು. ಆ ಖಾಲಿ ಜಾಗದ ಅಂಚಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು.

ಎಲ್ಲವನ್ನೂ ಮತ್ತೆ ಜೋಡಿಸಿದೆವು. ಶೈಲಾ ಕೀಲಿ ತಿರುಗಿಸಿದಳು. ಸ್ಕೋಪಿನ ಪರದೆಯ ಮೇಲೆ ಅಲೆಗಳು ಎದ್ದವು. ನಡುವೆ ಒಂದು ಕಡೆ ನೀರು ಉಸಿರು ಹಿಡಿದಂತೆ ಸಪಾಟು, ಮತ್ತೆ ಅಲೆಗಳು. ಲ್ಯಾಪ್‌ಟಾಪಿನ ಕೆಂಪು ಚೌಕ ಹಸಿರಾಯಿತು. ಎಂಜಿನ್ ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ತಗಡಿನ ಮಾಡು ನಡುಗಿ, ಕಾರಿನ ಮೇಲಿನ ಬಿಸಿಲ ಬಿಲ್ಲೆಗಳೆಲ್ಲ ನಡುಗಿದವು.

“ಟೈಮಿಂಗ್ ಲೈಟ್ ಹಿಡೀಬೇಕು ಇನ್ನೂ” ಎಂದೆ ನಾನು. ಕಂಪ್ಯೂಟರ್ ಹೇಳುವ ಹೊತ್ತೂ ನಿಜವಾಗಿ ಕಿಡಿ ಹಾರುವ ಹೊತ್ತೂ ಒಂದೇ ಹೌದೋ ಎಂದು ಆ ಲೈಟಿನಿಂದ ನೋಡದೆ ಗಾಡಿಯನ್ನು ಎಂದೂ ಹೊರಗೆ ಬಿಡಬೇಡಿ. ಆದರೆ ನನ್ನ ಮಾತು ಯಾರಿಗೂ ಕೇಳಲಿಲ್ಲ, ಶೆಟ್ಟರು ಆಗಲೇ ಕಾಯಿ ಎತ್ತಿದ್ದರು. ಎತ್ತಿದವರು ನಿಂತು, ತಿರುಗಿ, ಅದನ್ನು ಕಾಶಪ್ಪಣ್ಣನ ಕೈಗೆ ಕೊಟ್ಟರು.

“ನೀವು ಒಡೀರಿ ಮಾರಾಯ್ರೆ.”

“ನಾನ್ಯಾಕ್ರಿ ಶೆಟ್ಟರs? ನಿಲ್ಲಿಸಿದಾಂವ ನಾ.”

“ಹೊರಡಿಸಿದ್ದೂ ನೀವೇ ಅಲ್ಲವಾ? ಒಡೀರಿ, ನನಗೆ ಹೋಟೆಲಿಗೆ ಹೊತ್ತಾಯ್ತು.”

ಭಾನುವಾರ ಶೈಲಾ ಓಟ ಮುಗಿಸಿದಳು. ಗೆಲ್ಲಲಿಲ್ಲ; ಅವಳಿಗಿಂತ ಮುಂದೆ ಬಹಳ ಜನ ಇದ್ದರು. ಆದರೆ ಕಾರು ಹೋದ ದಾರಿಯಲ್ಲೇ ತಾನಾಗಿ ಮನೆಗೆ ಬಂತು, ಅದರ ಹಿಂದೆ ಖಾಲಿ ಹಗ್ಗ ಹೊತ್ತ ಇಡ್ಲಿ ಟೆಂಪೋ. ಸೋಮವಾರ ಹಡಪಸರದ ಗಿರಾಕಿ ಬಂದಾಗ ಶೆಟ್ಟರು ಅವನಿಗೆ ಫಿಲ್ಟರ್ ಕಾಫಿ ಕುಡಿಸಿ, ಕಾರು ತೋರಿಸಿ, “ಕೊಡೂದಕ್ಕಲ್ಲ, ಹೀಗೇ ನೋಡಿ ಅಂತ” ಎಂದರಂತೆ.

ಮುಂದಿನ ವರ್ಷ ನಾನು ಶೆಡ್ಡು ಮುಚ್ಚಿ ಮನೆಯಲ್ಲಿ ಕೂತೆ. ಒಂದು ಬೆಳಿಗ್ಗೆ ಕಾಶಪ್ಪಣ್ಣನ ಫೋನು. “ವಿರೂಪಾಕ್ಷಿ, ಒಂದ ಗಾಲಿ ಬಂದದ. ಎರಡ ಕಡೆ ಹಲ್ಲಿಲ್ಲ. ಪುಲ್ಲಿಗೆ ಕೂಡಿಸಿ ಕೊಡ್ರಿ ಅಂದು ಇಟ್ಟು ಹೋಗ್ಯಾನ, ಮತ್ತೇನೂ ಹೇಳಿಲ್ಲ. ಬಂದು ನೋಡಿ ಹೋಗ್ತೀ ಏನು?”

ಹೋದೆ. ಒಂದು ಜಾಗದ ಅಂಚು ಯಂತ್ರದಲ್ಲಿ ಕೊರೆದಂತೆ ನೇರ, ಇನ್ನೊಂದರದು ಹರಕು. ಎಲ್ಲೋ ಬಿದ್ದು ಮುರಿದದ್ದು. ಅವರಿಗೂ ಅದು ಕಂಡೇ ಇತ್ತು, ನೇರ ಅಂಚಿನ ಬಳಿ ಆಗಲೇ ಸುಣ್ಣದ ಗೆರೆ ಎಳೆದಿದ್ದರು. ಆದರೂ ಒಬ್ಬರನ್ನು ಕೇಳದೆ ಕೈ ಹಚ್ಚಿರಲಿಲ್ಲ. ನಾನು ಹೌದೆಂದೆ. ಹರಕಿದ್ದನ್ನು ತುಂಬಿ, ಅರ ಹಾಕಿ, ಉಳಿದ ಹಲ್ಲುಗಳ ಸರಿಸಾಟಿ ಮಾಡಿದರು.

ಸಂಜೆ ಗಿರಾಕಿ ಬಂದಾಗ ಕಾಶಪ್ಪಣ್ಣ ಗಾಲಿಯನ್ನು ಬೆಳಕಿಗೆ ಹಿಡಿದು, ಎರಡೂ ಜಾಗಗಳನ್ನು ಬೆರಳಿಟ್ಟು ತೋರಿಸಿದರು.

“ಇದನ್ನ ತುಂಬೀನ್ರಿ” ಎಂದರು. “ಇದನ್ನ ತುಂಬಿಲ್ಲ.”